ಟೌನ್ ಬೋರ್ಡಿನ ಸಭೆಯಲ್ಲಿ ನಮಗೂ ಒಂದು ಸರದಿ ಬೇಕೆ?

ಕಳೆದ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ, ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಪಾರ್ಕಿನ ಸಭಾಂಗಣವನ್ನು ಕೇಳಿಕೊಳ್ಳಲು ನಾನು ನಾವಿರುವ ಸಣ್ಣ ಊರಿನ ಟೌನ್ ಬೋರ್ಡ್ ಸಭೆಗೆ ಹೋಗಿದ್ದೆ. ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಅಂಥ ಸಭೆಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲ ಬಳಿಯ ಮೇಜಿನ ಮೇಲೆ ಹಳದಿ ಚೀಟಿಗಳಿದ್ದವು. ಹೆಸರು, ವಿಳಾಸ, ಮಾತನಾಡುವ ವಿಷಯ ಇಷ್ಟನ್ನು ಬರೆದು ಕೈಯಲ್ಲಿಟ್ಟುಕೊಂಡು ಕುಳಿತರೆ, ಹೆಸರು ಕರೆದಾಗ ಮೂರು ನಿಮಿಷ ಮಾತನಾಡಬಹುದು. ಎದುರಿನ ಎತ್ತರದ ಮೇಜಿನ ಹಿಂದೆ ಐವರು ಸದಸ್ಯರು ಕುಳಿತಿದ್ದರು. ಸುತ್ತಿಗೆ ಬಡಿದು ಸಭೆ ಆರಂಭವಾಯಿತೆಂದು ಸಾರಿದ ಕೂಡಲೇ ಅಧ್ಯಕ್ಷರು, ದಯವಿಟ್ಟು ಎಲ್ಲರೂ ಎದ್ದು ನಿಂತು ತಲೆಬಾಗಿಸಬೇಕೆಂದು ಕೇಳಿಕೊಂಡರು. ಊರಿನ ಚರ್ಚೊಂದರ ಪಾದ್ರಿಗಳು ಮುಂದೆ ಬಂದು, ಈ ಸದಸ್ಯರಿಗೆ ವಿವೇಕ ಕೊಡೆಂದು ಪ್ರಾರ್ಥಿಸಿ, ನಮ್ಮೆಲ್ಲರ ರಕ್ಷಕನಾದ ಯೇಸುವಿನ ಹೆಸರಿನಲ್ಲಿ ಎಂದು ಮುಗಿಸಿದರು. ಇಡೀ ಸಭೆ 'ಆಮೆನ್' ಎಂದಿತು. ನನ್ನ ಕೈಗಳು ಚಿಕ್ಕಂದಿನ ಅಭ್ಯಾಸದಿಂದ ತಾವಾಗಿಯೇ ಜೋಡಿಸಿಕೊಂಡಿದ್ದವು, ಹಳದಿ ಚೀಟಿ ಎರಡು ಅಂಗೈಗಳ ನಡುವೆ ಸಿಕ್ಕಿಕೊಂಡಿತ್ತು, ಆದರೆ ಬಾಯಿಂದ ಆ ಮಾತು ಹೊರಡಲಿಲ್ಲ. ಮರುಕ್ಷಣ ಮೊದಲು ಕರೆದದ್ದು ನನ್ನ ಹೆಸರನ್ನೇ.

ಸಭಾಂಗಣ ಸಿಕ್ಕಿತು. ಯಾರೂ ನನ್ನೊಡನೆ ಒರಟಾಗಿ ನಡೆದುಕೊಳ್ಳಲಿಲ್ಲ, ಬದಲಿಗೆ ಒಬ್ಬ ಸದಸ್ಯರು ನವೆಂಬರಿನಲ್ಲಿ ಯಾವ ಹಬ್ಬವೆಂದು ಅಕ್ಕರೆಯಿಂದ ವಿಚಾರಿಸಿದರು. ಹಾಗಿದ್ದರೂ ಆ ಒಂದು ನಿಮಿಷ ನನ್ನನ್ನು ತಿಂಗಳುಗಟ್ಟಲೆ ಕಾಡಿದೆ. ನಾನು ದೇವರನ್ನು ನಂಬುವವಳು. ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಕುಡಿಯುವುದಿಲ್ಲ. ಪ್ರಾರ್ಥನೆಯ ಬಗ್ಗೆ ನನಗೆ ಅಸಹನೆಯಿಲ್ಲ, ಆ ಪಾದ್ರಿಗಳ ಭಕ್ತಿಯ ಬಗ್ಗೆ ಗೌರವವೇ ಇದೆ. ನನ್ನನ್ನು ಕಾಡಿದ್ದು ಬೇರೊಂದು ವಿಷಯ: ನಾನು 'ಆಮೆನ್' ಎನ್ನದೆ ನಿಂತದ್ದನ್ನು ಕಂಡ ಐದು ಜೋಡಿ ಕಣ್ಣುಗಳೇ ಎರಡು ನಿಮಿಷದ ನಂತರ ನನ್ನ ಅರ್ಜಿಯ ಮೇಲೆ ಮತ ಹಾಕಬೇಕಾಗಿತ್ತು. ಕನ್ನಡದಲ್ಲಿ 'ಮತ' ಎಂಬ ಒಂದೇ ಪದ ಅಭಿಪ್ರಾಯಕ್ಕೂ, ಚುನಾವಣೆಯ ಓಟಿಗೂ, ದೇವರನ್ನು ಕುರಿತ ನಂಬಿಕೆಗೂ ಸಲ್ಲುತ್ತದೆ. ಆ ಸಂಜೆ ಆ ಅರ್ಥಗಳು ಒಂದೇ ಮೇಜಿನ ಮೇಲೆ ಒಂದರೊಳಗೊಂದು ಬೆರೆತದ್ದನ್ನು ನಾನು ಕಣ್ಣಾರೆ ಕಂಡೆ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಈ ವರ್ಷದ ಆರಂಭದಲ್ಲಿ ಅದೇ ಬೋರ್ಡು ನಮ್ಮ ದೇವಸ್ಥಾನದ ಸಮಿತಿಗೆ ಪತ್ರ ಬರೆದು, ಮುಂದಿನ ಒಂದು ಸಭೆಯ ಪ್ರಾರ್ಥನೆಯನ್ನು ನಮ್ಮ ಅರ್ಚಕರು ನಡೆಸಿಕೊಡಬಹುದೇ ಎಂದು ಕೇಳಿತು. ಸಮಿತಿಯಲ್ಲಿ ಸಂತೋಷವೋ ಸಂತೋಷ. ಬೇಡವೆಂದವಳು ನಾನೊಬ್ಬಳೇ. ನಾವೆಲ್ಲ ಅಂಕಲ್ ಎಂದೇ ಕರೆಯುವ ಹಿರಿಯರೊಬ್ಬರು, "ಇಷ್ಟು ವರ್ಷ ನಾವು ಅವರ ಪ್ರಾರ್ಥನೆಗೆ ತಲೆಬಾಗಿ ನಿಂತಿದ್ದೇವಮ್ಮ, ಒಂದು ದಿನ ಅವರು ನಮ್ಮದಕ್ಕೆ ನಿಲ್ಲಲಿ. ಅದರಲ್ಲಿ ತಪ್ಪೇನಿದೆ?" ಎಂದರು. ಅವರ ದನಿಯಲ್ಲಿ ಹಟವಿರಲಿಲ್ಲ, ನೋವಿತ್ತು. ಆ ನೋವು ನನಗೆ ಅರ್ಥವಾಗುತ್ತದೆ. 2000ದ ಸೆಪ್ಟೆಂಬರ್ 14ರಂದು, ವಾಜಪೇಯಿಯವರು ಅಮೆರಿಕದ ಸಂಸತ್ತನ್ನು ಉದ್ದೇಶಿಸಿ ಮಾತನಾಡಿದ ದಿನವೇ, ಒಹಾಯೋ ರಾಜ್ಯದ ಅರ್ಚಕರಾದ ವೆಂಕಟಾಚಲಪತಿ ಸಮುದ್ರಾಲ ಅವರು ಕೆಳಮನೆಯಲ್ಲಿ ಮೊದಲ ಹಿಂದೂ ಪ್ರಾರ್ಥನೆ ಸಲ್ಲಿಸಿದ ಸುದ್ದಿ ಓದಿ ನಮ್ಮಲ್ಲಿ ಎಷ್ಟೋ ಜನರ ಎದೆ ತುಂಬಿತ್ತು. 2007ರ ಜುಲೈ 12ರಂದು ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಹಿಂದೂ ಧರ್ಮಗುರು ರಾಜನ್ ಝೆಡ್ ಅವರು ಪ್ರಾರ್ಥನೆಗೆ ನಿಂತಾಗ ಮೇಲಿನ ಗ್ಯಾಲರಿಯಿಂದ ಮೂವರು ಕೂಗಿ ಅಡ್ಡಿಪಡಿಸಿದರೆಂದು ಕೇಳಿದಾಗ ಅದೇ ಎದೆ ನೊಂದಿತ್ತು. ಆದರೆ ಆ ಎರಡು ದಿನಗಳನ್ನು ಇಂದು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತಿಳಿಯುವುದಿಷ್ಟು: ಶಾಸನಸಭೆಯ ವೇದಿಕೆಯಲ್ಲಿ ಪ್ರಾರ್ಥನೆ ನಡೆದಾಗ, ಅದು ದೇವರಿಗೆ ಸಲ್ಲುವ ಮೊದಲು ಈ ದೇಶ ಯಾರದು ಎಂಬ ಜಗಳದ ಸಾಕ್ಷಿಯಾಗಿಬಿಡುತ್ತದೆ.

ನನ್ನ ಅಭಿಪ್ರಾಯವನ್ನು ಕೇಳಿದವರು, ಇದು ನಾಸ್ತಿಕರ ವಾದವಲ್ಲವೇ, ನಿನಗೇಕೆ ಎಂದರು. ಇದಕ್ಕೆ ಉತ್ತರ ಕೊಡಲೇಬೇಕು, ಏಕೆಂದರೆ ಅಮೆರಿಕದಲ್ಲಿ ಸರ್ಕಾರವನ್ನೂ ಚರ್ಚನ್ನೂ ಬೇರೆಯಾಗಿಡಬೇಕೆಂದು ಮೊದಲು ಹೋರಾಡಿದವರಲ್ಲಿ ಬಹುಪಾಲು ಜನ ಕಡುಭಕ್ತರು. 1636ರಲ್ಲಿ ಪ್ರಾವಿಡೆನ್ಸ್ ಎಂಬ ನೆಲೆಯನ್ನು ಕಟ್ಟಿದ ರೋಜರ್ ವಿಲಿಯಮ್ಸ್ ಸ್ವತಃ ಧರ್ಮೋಪದೇಶಕ. ಚರ್ಚಿನ ತೋಟಕ್ಕೂ ಲೋಕದ ಕಾಡಿಗೂ ನಡುವೆ ಬೇಲಿಯೋ ಗೋಡೆಯೋ ಇರಬೇಕೆಂದು ಆತ ಹೇಳಿದ್ದು ತೋಟವನ್ನು ಉಳಿಸುವುದಕ್ಕಾಗಿ. ವರ್ಜೀನಿಯಾದಲ್ಲಿ ಆಂಗ್ಲಿಕನ್ ಚರ್ಚು ಸರ್ಕಾರದ ಚರ್ಚಾಗಿದ್ದ ಕಾಲದಲ್ಲಿ, ಪರವಾನಗಿಯಿಲ್ಲದೆ ಬೋಧನೆ ಮಾಡಿದರೆಂದು ಬ್ಯಾಪ್ಟಿಸ್ಟ್ ಎಂಬ ಬೇರೊಂದು ಕ್ರೈಸ್ತ ಪಂಥದ ಬೋಧಕರನ್ನು ಸೆರೆಮನೆಗೆ ತಳ್ಳುತ್ತಿದ್ದರು. ಅವರು ಸೆರೆಮನೆಯ ಕಿಟಕಿಯಿಂದಲೇ ಹೊರಗೆ ನಿಂತ ಜನರಿಗೆ ಬೋಧಿಸುತ್ತಿದ್ದರು. 1774ರಲ್ಲಿ ಇನ್ನೂ ಇಪ್ಪತ್ತೆರಡು ವರ್ಷದ ಯುವಕನಾಗಿದ್ದ ಜೇಮ್ಸ್ ಮ್ಯಾಡಿಸನ್, ತನ್ನ ನೆರೆಯ ಕೌಂಟಿಯಲ್ಲಿ ಹೀಗೆ ಸೆರೆಯಲ್ಲಿದ್ದ ಐದಾರು ಜನರನ್ನು ಕುರಿತು ಗೆಳೆಯನಿಗೆ ಕೋಪದಿಂದ ಪತ್ರ ಬರೆದದ್ದು ಉಳಿದುಬಂದಿದೆ. ಮುಂದೆ ಸಂವಿಧಾನದ ಶಿಲ್ಪಿ ಎನಿಸಿಕೊಂಡವನ ಮನಸ್ಸಿನಲ್ಲಿ ಈ ವಿಚಾರ ಬೇರೂರಿದ್ದು ಆ ಸೆರೆಮನೆಯ ನೆನಪಿನಿಂದ.

ಹತ್ತು ವರ್ಷದ ನಂತರ, 1784ರಲ್ಲಿ, ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ ಅಲ್ಲಿಯ ಶಾಸನಸಭೆಯಲ್ಲಿ ಒಂದು ಮಸೂದೆಯನ್ನು ಬೆಂಬಲಿಸಿದರು. ಕ್ರೈಸ್ತ ಧರ್ಮದ ಬೋಧಕರ ಸಂಬಳಕ್ಕಾಗಿ ಎಲ್ಲರಿಂದ ತೆರಿಗೆ ಎತ್ತಬೇಕು, ಆದರೆ ತನ್ನ ತೆರಿಗೆ ಯಾವ ಚರ್ಚಿಗೆ ಹೋಗಬೇಕೆಂದು ಪ್ರತಿಯೊಬ್ಬನೂ ಆರಿಸಿಕೊಳ್ಳಬಹುದು ಎಂಬುದು ಅದರ ಸಾರ. ನೋಡಲು ಇದು ಎಷ್ಟು ಉದಾರವಾದ ಏರ್ಪಾಡು! ಎಲ್ಲರಿಗೂ ಅವರವರ ಪಾಲು, ಎಲ್ಲರಿಗೂ ಅವರವರ ಸರದಿ. ನಮ್ಮ ಸಮಿತಿಯ ಹಿರಿಯರು ಕೇಳಿದ್ದೂ ಇದನ್ನೇ ಅಲ್ಲವೇ? ಮ್ಯಾಡಿಸನ್ 1785ರಲ್ಲಿ ಬರೆದ ಮನವಿಯಲ್ಲಿ ಅದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಒಂದು ಧರ್ಮದ ನೆಲೆಗಾಗಿ ಪ್ರಜೆಯಿಂದ ಬರೀ ಮೂರು ಪೆನ್ಸು ಕಸಿಯಬಲ್ಲ ಸರ್ಕಾರ, ನಾಳೆ ಆತನನ್ನು ಬೇರಾವುದೇ ಮತಕ್ಕೂ ಬಗ್ಗಿಸಬಲ್ಲದು ಎಂಬುದು ಅವರ ತರ್ಕ. ಮೊತ್ತ ಚಿಕ್ಕದೆಂಬ ಕಾರಣಕ್ಕೆ ಅಧಿಕಾರ ಚಿಕ್ಕದಾಗುವುದಿಲ್ಲ. ಒಂದೇ ನಿಮಿಷದ ಪ್ರಾರ್ಥನೆಯಲ್ಲವೇ ಎನ್ನುವವರಿಗೆ ನಾನು ಆ ಮೂರು ಪೆನ್ಸನ್ನು ನೆನಪಿಸುತ್ತೇನೆ.

ಹೆನ್ರಿಯ ಮಸೂದೆ ಬಿದ್ದುಹೋಯಿತು. ಅದರ ಜಾಗದಲ್ಲಿ 1786ರ ಜನವರಿಯಲ್ಲಿ, ಥಾಮಸ್ ಜೆಫರ್ಸನ್ ಒಂಬತ್ತು ವರ್ಷ ಹಿಂದೆಯೇ ಕರಡು ಮಾಡಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ವರ್ಜೀನಿಯಾದಲ್ಲಿ ಜಾರಿಗೆ ಬಂತು. ಅದರ ಚರ್ಚೆಯ ವೇಳೆ ಪೀಠಿಕೆಯಲ್ಲಿ ಯೇಸು ಕ್ರಿಸ್ತನ ಹೆಸರನ್ನು ಸೇರಿಸಲು ಕೆಲವರು ತಿದ್ದುಪಡಿ ತಂದರು, ಬಹುಮತ ಅದನ್ನು ತಳ್ಳಿಹಾಕಿತು. ಜೆಫರ್ಸನ್ ಮುದಿವಯಸ್ಸಿನಲ್ಲಿ, 1821ರಲ್ಲಿ, ತಮ್ಮ ಬದುಕಿನ ಕಥೆ ಬರೆಯುವಾಗ ಈ ಘಟನೆಯನ್ನು ನೆನೆದು, ಆ ಕಾನೂನಿನ ರಕ್ಷಣೆ ಯೆಹೂದ್ಯನಿಗೂ ಕ್ರೈಸ್ತನಿಗೂ ಮುಸಲ್ಮಾನನಿಗೂ ಹಿಂದೂವಿಗೂ ಯಾವ ನಂಬಿಕೆಯೂ ಇಲ್ಲದವನಿಗೂ ಸಲ್ಲಬೇಕೆಂಬುದೇ ಸಭೆಯ ಉದ್ದೇಶವಾಗಿತ್ತೆಂದು ದಾಖಲಿಸಿದರು. ಹಿಂದೂ ಎಂಬ ಪದ ಅಲ್ಲಿ ಅಕ್ಷರಶಃ ಇದೆ. ನಾನು ಅದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಕಾಲದ ವರ್ಜೀನಿಯಾದಲ್ಲಿ ನಮ್ಮವರ ಗುಡಿ ಒಂದೂ ಇರಲಿಲ್ಲ. ಆದರೂ ಆ ಕಾನೂನಿನ ಸೂರಿನ ಕೆಳಗೆ ನಮಗೆ ಜಾಗವಿತ್ತು. ಇದೇ ಜೆಫರ್ಸನ್ ಗುಲಾಮರನ್ನು ಇಟ್ಟುಕೊಂಡಿದ್ದವರೆಂಬುದನ್ನು ನಾನು ಮರೆತಿಲ್ಲ, ಆ ಸೂರು ಆ ಗುಲಾಮರಿಗೆ ನೆರಳು ಕೊಡಲಿಲ್ಲವೆಂಬುದನ್ನೂ.

ಆ ಕಾನೂನಿಗೆ ಮರುವರ್ಷ, 1787ರಲ್ಲಿ, ರೂಪುಗೊಂಡ ದೇಶದ ಸಂವಿಧಾನ, ಯಾವ ಸರ್ಕಾರಿ ಹುದ್ದೆಗೂ ಮತದ ಪರೀಕ್ಷೆ ಇರಕೂಡದೆಂದು ಆರನೆಯ ವಿಧಿಯಲ್ಲಿ ಹೇಳಿತು. ಅಧ್ಯಕ್ಷರ ಪ್ರಮಾಣವಚನವನ್ನು ಅಕ್ಷರ ಅಕ್ಷರವಾಗಿ ಬರೆದಿಟ್ಟಿರುವ ಆ ಸಂವಿಧಾನ, ದೇವರು ನನಗೆ ನೆರವಾಗಲಿ ಎಂಬ ಮಾತನ್ನು ಅದರಲ್ಲಿ ಸೇರಿಸಲಿಲ್ಲ. 1791ರ ಮೊದಲ ತಿದ್ದುಪಡಿ, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು, ಯಾರ ಧರ್ಮಾಚರಣೆಗೂ ಅಡ್ಡಬರಕೂಡದು ಎಂದು ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. 1789ರ ಮೊದಲ ಸಂಸತ್ತೇ ಸಂಬಳ ಕೊಟ್ಟು ಧರ್ಮಗುರುಗಳನ್ನು ನೇಮಿಸಿಕೊಂಡಿತ್ತು. ಕನೆಕ್ಟಿಕಟ್ಟಿನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ, ಚರ್ಚು ಮತ್ತು ಪ್ರಭುತ್ವದ ನಡುವೆ ಗೋಡೆ ಇದೆಯೆಂಬ ಪ್ರಸಿದ್ಧ ಮಾತನ್ನು ಆಗ ದೇಶದ ಅಧ್ಯಕ್ಷರಾಗಿದ್ದ ಜೆಫರ್ಸನ್ ಬರೆದದ್ದು 1802ರ ಜನವರಿ 1ರಂದು. ಅದೇ ದಿನ ಮ್ಯಾಸಚೂಸೆಟ್ಸ್ ರಾಜ್ಯದ ಚೆಶೈರ್ ಊರಿನ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೀಲ್ಯಾಂಡ್, ತನ್ನ ಊರಿನವರು ಸೇರಿ ಮಾಡಿದ 1,235 ಪೌಂಡ್ ತೂಕದ ಚೀಸಿನ ಮುದ್ದೆಯನ್ನು ದೂರದ ರಾಜಧಾನಿಗೆ ಸಾಗಿಸಿ ತಂದು ಅವರಿಗೆ ಕಾಣಿಕೆಯಾಗಿ ಒಪ್ಪಿಸಿದ. ಸರ್ಕಾರಿ ಚರ್ಚಿಗೆ ತೆರಿಗೆ ತೆತ್ತು ಬೇಸತ್ತಿದ್ದ ರೈತರು, ತಮ್ಮ ಹಸುಗಳ ಹಾಲಿನಿಂದ ತೀರಿಸಿದ ಕೃತಜ್ಞತೆ ಅದು. ಎರಡು ದಿನ ಕಳೆದು, ಜನವರಿ 3ರ ಭಾನುವಾರ, ಸಂಸತ್ತಿನ ಕೆಳಮನೆಯ ಸಭಾಂಗಣದಲ್ಲೇ ಲೀಲ್ಯಾಂಡ್ ಪ್ರವಚನ ಮಾಡಿದ. ಗೋಡೆಯ ಮಾತು ಬರೆದ ಅಧ್ಯಕ್ಷರೇ ಅಲ್ಲಿ ಕುಳಿತು ಕೇಳಿದರು. ಅಮೆರಿಕ ಕ್ರೈಸ್ತ ದೇಶವೆನ್ನುವವರು ಈ ಪ್ರಸಂಗವನ್ನು ಪದೇ ಪದೇ ಎತ್ತಿ ತೋರಿಸುತ್ತಾರೆ, ಅವರು ಹೇಳುವುದು ಸುಳ್ಳಲ್ಲ. ಆ ಗೋಡೆ ಎಂದೂ ಸಂದಿಲ್ಲದ ಕಲ್ಲುಗೋಡೆಯಾಗಿರಲಿಲ್ಲ. ಆದರೆ ಮ್ಯಾಡಿಸನ್ ತಮ್ಮ ಕೊನೆಗಾಲದ ಟಿಪ್ಪಣಿಗಳಲ್ಲಿ ಸಂಸತ್ತಿನ ಧರ್ಮಗುರುಗಳ ನೇಮಕ ತಪ್ಪೆಂದೇ ಬರೆದಿಟ್ಟರು. ಬಹುಸಂಖ್ಯಾತರು ಆರಿಸಿದ ಗುರುವಿನ ಹಿಂದೆ ಕ್ಯಾಥೊಲಿಕರೂ ಕ್ವೇಕರರೂ ಹೇಗೆ ನಿಲ್ಲಬೇಕು, ಅವರ ಗುರುವನ್ನು ಆ ಹುದ್ದೆಗೆ ಯಾರು ಆರಿಸುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಪರಂಪರೆಯೆಂದು ತೋರಿಸುವಾಗ ಪರಂಪರೆಯೊಳಗಿನ ಈ ಪಶ್ಚಾತ್ತಾಪವನ್ನೂ ತೋರಿಸಬೇಕು.

ಇನ್ನು ನಾವು ಅನಾದಿಯಿಂದ ಬಂದವೆಂದು ನಂಬಿರುವ ಎಷ್ಟೋ ಆಚರಣೆಗಳು ಅಷ್ಟು ಹಳೆಯವಲ್ಲ. ನನ್ನ ಮಗ ಶಾಲೆಯಲ್ಲಿ ಪ್ರತಿ ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಹೇಳುವ ಧ್ವಜಪ್ರತಿಜ್ಞೆಯನ್ನು 1892ರಲ್ಲಿ ಬರೆದ ಫ್ರಾನ್ಸಿಸ್ ಬೆಲ್ಲಮಿ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದವರು, ಆದರೂ ಅದರಲ್ಲಿ ಅವರು ದೇವರನ್ನು ತರಲಿಲ್ಲ. ದೇವರ ಅಧೀನದಲ್ಲಿರುವ ರಾಷ್ಟ್ರ ಎಂಬ ಅರ್ಥದ ಎರಡು ಪದಗಳು ಸೇರಿದ್ದು 1954ರ ಜೂನ್ 14ರಂದು, ಸೋವಿಯತ್ ಒಕ್ಕೂಟದ ನಾಸ್ತಿಕ ಆಡಳಿತಕ್ಕೆ ಎದುರಾಗಿ ನಾವು ಬೇರೆಯವರೆಂದು ತೋರಿಸಿಕೊಳ್ಳಬೇಕೆಂಬ ಕಾಲದಲ್ಲಿ. ನಾವು ದೇವರಲ್ಲಿ ನಂಬಿಕೆಯಿಟ್ಟಿದ್ದೇವೆ ಎಂಬ ಬರಹ ನಾಣ್ಯದ ಮೇಲೆ ಮೊದಲು ಬಂದದ್ದು ಅಂತರ್ಯುದ್ಧದ ನಡುವೆ, 1864ರಲ್ಲಿ. ಅದು ದೇಶದ ಧ್ಯೇಯವಾಕ್ಯವಾದದ್ದು 1956ರಲ್ಲಿ. ಆ ನಡುವೆ 1907ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹೊಸ ಚಿನ್ನದ ನಾಣ್ಯದಿಂದ ಆ ಬರಹವನ್ನು ಬಿಟ್ಟರು. ದೇವರ ಹೆಸರನ್ನು ವ್ಯಾಪಾರದ ನಾಣ್ಯದ ಮೇಲೆ ಅಚ್ಚೊತ್ತುವುದು ಭಕ್ತಿಯನ್ನು ಹೆಚ್ಚಿಸುವುದಿಲ್ಲ, ಬದಲಾಗಿ ಅದು ದೈವನಿಂದನೆಗೆ ಹತ್ತಿರವಾದ ಅಗೌರವ ಎಂಬುದು ಅವರ ನಿಲುವು. ಮರುವರ್ಷವೇ ಸಂಸತ್ತು ಅದನ್ನು ಮರಳಿ ಹಾಕಿಸಿತು. ನನಗಂತೂ ರೂಸ್‌ವೆಲ್ಟರ ಮಾತಿನಲ್ಲೇ ಹೆಚ್ಚು ಭಕ್ತಿ ಕಾಣುತ್ತದೆ.

ಶಾಲೆಗಳ ವಿಷಯಕ್ಕೆ ಬಂದರೆ, ಈ ಜಗಳದಲ್ಲಿ ರಕ್ತವೇ ಹರಿದಿದೆ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ, ಶಾಲೆಯಲ್ಲಿ ತಮ್ಮ ಮಕ್ಕಳಿಗೆ ಪ್ರಾಟೆಸ್ಟೆಂಟರ ಬೈಬಲ್ ಬದಲು ತಮ್ಮದೇ ಬೈಬಲ್ ಓದಲು ಬಿಡಿ ಎಂದು ಕ್ಯಾಥೊಲಿಕರು ಕೇಳಿದ್ದರಿಂದ ಹುಟ್ಟಿದ ಗಲಭೆಯಲ್ಲಿ ಜನ ಸತ್ತರು, ಎರಡು ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು. ಒಂದೇ ಯೇಸುವನ್ನು ನಂಬುವವರ ನಡುವೆಯೇ ಇಷ್ಟಾಯಿತು. 1962ರಲ್ಲಿ ಸುಪ್ರೀಂ ಕೋರ್ಟು ನ್ಯೂಯಾರ್ಕಿನ ಶಾಲೆಗಳ 22 ಪದಗಳ ಸರ್ಕಾರಿ ಪ್ರಾರ್ಥನೆಯನ್ನು ಅಸಿಂಧುಗೊಳಿಸಿದಾಗ ತೀರ್ಪು ಬರೆದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್, ಅಲಬಾಮಾದಲ್ಲಿ ವರ್ಷಗಟ್ಟಲೆ ಭಾನುವಾರದ ಬೈಬಲ್ ಪಾಠ ಹೇಳಿದ್ದವರು. ಧರ್ಮ ತೀರ ಪವಿತ್ರವಾದದ್ದು, ಅಧಿಕಾರಿಯ ಕೈಗೆ ಸಿಕ್ಕಿ ಅದು ಕೆಡಬಾರದು ಎಂಬುದು ಆ ತೀರ್ಪಿನ ತಿರುಳು. ಪ್ರಾರ್ಥನೆಯನ್ನೇ ಶಾಲೆಯಿಂದ ಓಡಿಸಿದರೆಂದು ಈಗಲೂ ಕೆಲವರು ಹೇಳುವುದುಂಟು. ಪರೀಕ್ಷೆಗೆ ಮೊದಲು ಕಣ್ಣು ಮುಚ್ಚಿ ಕೈಮುಗಿಯುವ ನನ್ನ ಮಗನನ್ನು ಈವರೆಗೆ ಯಾರೂ ತಡೆದಿಲ್ಲ.

ಟೌನ್ ಬೋರ್ಡುಗಳ ಬಗ್ಗೆ ಕಾನೂನು ನನ್ನ ಪರವಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಕ್ಕದಲ್ಲಿ ಗ್ರೀಸ್ ಎಂಬ ಊರಿದೆ. ಅಲ್ಲಿಯ ಬೋರ್ಡಿನ ಸಭೆಗಳಲ್ಲಿ 1999ರಿಂದ 2007ರವರೆಗೆ ಪ್ರಾರ್ಥನೆ ಮಾಡಿದವರೆಲ್ಲರೂ ಕ್ರೈಸ್ತರೇ. ಒಬ್ಬ ಯೆಹೂದ್ಯ ಮಹಿಳೆ ಮತ್ತು ಒಬ್ಬ ನಾಸ್ತಿಕ ಮಹಿಳೆ ಆಕ್ಷೇಪಿಸಿದ ಮೇಲೆ ಕೆಲವು ಸಭೆಗಳಿಗೆ ಬೇರೆಯವರನ್ನು ಕರೆದರು. 2014ರಲ್ಲಿ ಸುಪ್ರೀಂ ಕೋರ್ಟು, ಇದು ಮೊದಲ ಸಂಸತ್ತಿನಿಂದ ಬಂದ ಪರಂಪರೆಯೆಂದು 5-4ರ ಬಹುಮತದಿಂದ ಊರಿನ ಪರವಾಗಿ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್, ರಸ್ತೆಗೆ ಸಿಗ್ನಲ್ ಹಾಕಿಸಿಕೊಳ್ಳಲೋ ಮನೆ ವಿಸ್ತರಿಸಲು ಅನುಮತಿ ಕೇಳಲೋ ಬೋರ್ಡಿನ ಮುಂದೆ ಬಂದ ಒಬ್ಬ ಮುಸ್ಲಿಂ ಮಹಿಳೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಪ್ರಾರ್ಥನೆಗೆ ಆಕೆ ಸೇರಿಕೊಂಡರೆ ತನ್ನ ನಂಬಿಕೆಗೆ ದ್ರೋಹ, ಸೇರದಿದ್ದರೆ ತನ್ನ ಅರ್ಜಿ ನೋಡುವವರೆದುರು ತಾನು ಬೇರೆಯವಳೆಂದು ಸಾರಿದಂತೆ. ಆ ಪುಟಗಳನ್ನು ಓದುವಾಗ ನನ್ನ ಅಂಗೈಗಳ ನಡುವಿನ ಹಳದಿ ಚೀಟಿ ನೆನಪಾಯಿತು. ಸಂಸತ್ತಿನಲ್ಲಿ ಪ್ರಾರ್ಥನೆ ಕೇಳುವವರು ಸದಸ್ಯರು. ಊರಿನ ಬೋರ್ಡಿನಲ್ಲಿ ಕೇಳುವವರು ಕೆಲಸವಾಗಬೇಕಾದ ಸಾಮಾನ್ಯರು. ಬಹುಮತದ ತೀರ್ಪು ಈ ವ್ಯತ್ಯಾಸಕ್ಕೆ ಕೊಡಬೇಕಾದ ತೂಕ ಕೊಡಲಿಲ್ಲವೆಂದೇ ನನ್ನ ನಂಬಿಕೆ.

ಆಮೇಲಿನ ಗಾಳಿ ಇನ್ನೂ ಅದೇ ದಿಕ್ಕಿಗೆ ಬೀಸಿದೆ. 1980ರಲ್ಲಿ ಕೆಂಟಕಿಯ ಶಾಲಾ ಕೊಠಡಿಗಳಿಂದ ಹತ್ತು ಆಜ್ಞೆಗಳ ಫಲಕವನ್ನು ಸುಪ್ರೀಂ ಕೋರ್ಟೇ ತೆಗೆಸಿದ್ದರೂ, 2024ರಲ್ಲಿ ಲೂಸಿಯಾನಾ ರಾಜ್ಯ ಪ್ರತಿ ತರಗತಿಯಲ್ಲೂ ಆ ಫಲಕ ಇರಬೇಕೆಂದು ಕಾನೂನು ಮಾಡಿತು. ಆ ಹತ್ತು ಆಜ್ಞೆಗಳನ್ನು ಯೆಹೂದ್ಯರು, ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಬೇರೆ ಬೇರೆ ರೀತಿಯಲ್ಲಿ ಎಣಿಸುತ್ತಾರೆ. ಗೋಡೆಗೆ ಯಾರ ಪಾಠವನ್ನು ತೂಗುಹಾಕಬೇಕೆಂದು ತೀರ್ಮಾನಿಸುವ ಶಾಸಕ, ತನಗೆ ತಿಳಿಯದೆಯೇ ಧರ್ಮಗುರುವಿನ ಕೆಲಸಕ್ಕೆ ಕೈಹಾಕಿರುತ್ತಾನೆ.

ಧರ್ಮ ಮನೆಯೊಳಗೇ ಇರಲಿ, ಬೀದಿಗೆ ಬರಬಾರದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅಬ್ರಹಾಂ ಲಿಂಕನ್ 1865ರ ಪದಗ್ರಹಣದ ಭಾಷಣದಲ್ಲಿ, ಅಂತರ್ಯುದ್ಧದ ಎರಡೂ ಕಡೆಯವರು ಅದೇ ಬೈಬಲ್ ಓದುತ್ತಾರೆ, ಅದೇ ದೇವರನ್ನು ಪ್ರಾರ್ಥಿಸುತ್ತಾರೆ, ಇಬ್ಬರ ಪ್ರಾರ್ಥನೆಯೂ ಫಲಿಸಲಾರದು ಎಂದು ಹೇಳಿ, ದೇವರು ತಮ್ಮ ಕಡೆಗೇ ಇದ್ದಾನೆಂದು ಸಾರಲು ನಿರಾಕರಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದವರು. ಕಪ್ಪುಜನರ ಚರ್ಚುಗಳಿಲ್ಲದೆ ನಾಗರಿಕ ಹಕ್ಕುಗಳ ಚಳವಳಿಯನ್ನು ಊಹಿಸಿಕೊಳ್ಳಲೂ ಆಗದು. ಅವರು ಅಧಿಕಾರದ ಎದುರು ನಿಂತು ದೇವರ ಹೆಸರನ್ನು ಹೇಳಿದರು. ಅಧಿಕಾರದ ಕುರ್ಚಿಯಲ್ಲಿ ಕುಳಿತು, ಎದುರಿಗೆ ಅರ್ಜಿ ಹಿಡಿದು ನಿಂತವರಿಗೆ ಎದ್ದು ನಿಲ್ಲಿ ಎನ್ನುವುದು ತೀರ ಬೇರೆ.

ನಮ್ಮ ಸಮಿತಿಯವರಿಗೆ ನಾನು ಇನ್ನೊಂದು ಮಾತನ್ನೂ ಹೇಳಿದ್ದೆ. ಕರ್ನಾಟಕದಲ್ಲಿ ಸಾವಿರಾರು ದೇವಸ್ಥಾನಗಳ ಆಡಳಿತ ಮುಜರಾಯಿ ಇಲಾಖೆಯ ಕೈಯಲ್ಲಿದೆ, ಅದು ಸರಿಯೋ ತಪ್ಪೋ ಎಂದು ನಮ್ಮೂರಿನಲ್ಲಿ ದಶಕಗಳಿಂದ ವಾದ ನಡೆದಿದೆ. ಇಲ್ಲಿ ನಮ್ಮ ದೇವಸ್ಥಾನದ ಹುಂಡಿಯ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದಾಗಲಿ ಯಾರನ್ನು ಅರ್ಚಕರನ್ನಾಗಿ ನೇಮಿಸಬೇಕೆಂದಾಗಲಿ ಯಾವ ಅಧಿಕಾರಿಯೂ ಹೇಳುವಂತಿಲ್ಲ. ಧಾರ್ಮಿಕ ಕಟ್ಟಡಗಳಿಗೆ ಸ್ಥಳೀಯ ಆಡಳಿತ ಅನ್ಯಾಯವಾಗಿ ಅನುಮತಿ ನಿರಾಕರಿಸದಂತೆ 2000ದಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ನಮ್ಮ ಗೋಪುರ ಈ ಮಣ್ಣಿನಲ್ಲಿ ಎದ್ದು ನಿಂತಿರುವುದು ಆ ಗೋಡೆಯ ಆಸರೆಯಿಂದ. ಒಂದು ನಿಮಿಷದ ಮನ್ನಣೆಗಾಗಿ ನಾವೇ ಅದರ ಕಲ್ಲು ಕೀಳಬಾರದು.

ಸಮಿತಿ ನನ್ನ ಮಾತನ್ನು ತಾಳ್ಮೆಯಿಂದ ಕೇಳಿತು, ಆದರೆ ಆಹ್ವಾನವನ್ನು ಒಪ್ಪಿಕೊಂಡಿತು. ಏಪ್ರಿಲ್ ತಿಂಗಳ ಸಭೆಗೆ ನಾನೂ ಹೋದೆ. ನಮ್ಮ ಅರ್ಚಕರು ಶಲ್ಯ ಹೊದ್ದು, ಸ್ಪಷ್ಟವಾದ ಸ್ವರದಲ್ಲಿ ಶಾಂತಿಮಂತ್ರ ಹೇಳಿ, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಓದಿದರು. ಅಂಕಲ್ ಅವರ ಕಣ್ಣು ತುಂಬಿತ್ತು. ನನಗೂ ಮೈ ಜುಮ್ಮೆಂದಿತು, ಅದನ್ನು ಮುಚ್ಚಿಡುವುದಿಲ್ಲ. ಆಗ ಮುಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಬಿಳಿಯ ಮಹಿಳೆ ಕಣ್ಣಿಗೆ ಬಿದ್ದರು. ಎಲ್ಲರ ಜೊತೆ ನಿಲ್ಲಬೇಕೋ ಕುಳಿತೇ ಇರಬೇಕೋ ತೋಚದೆ, ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದು ಹಾಗೆಯೇ ನಿಂತಿದ್ದರು. ಕತ್ತಿನಲ್ಲಿ ಪುಟ್ಟ ಶಿಲುಬೆಯಿತ್ತು, ಇನ್ನೊಂದು ಕೈಯಲ್ಲಿ ಹಳದಿ ಚೀಟಿಯಿತ್ತು. ಮಂತ್ರ ಮುಗಿಯುವವರೆಗೂ ಅವರು ಆ ಚೀಟಿಯನ್ನೇ ನೋಡುತ್ತಿದ್ದರು. ಅವರ ಮನೆಯ ಮುಂದಿನ ಚರಂಡಿ ಮಳೆಗಾಲದಲ್ಲಿ ಉಕ್ಕುತ್ತದೆಯೆಂಬುದು ಅವರ ದೂರಾಗಿತ್ತು.

ಅವರ ಮಾತು ಮುಗಿದ ಮೇಲೆ ನಾನೂ ಬಾಗಿಲ ಬಳಿ ಹೋಗಿ ಒಂದು ಚೀಟಿ ಬರೆದುಕೊಂಡು ಬಂದೆ. ನನ್ನ ಮೂರು ನಿಮಿಷದಲ್ಲಿ ಬೋರ್ಡನ್ನು ಕೇಳಿಕೊಂಡದ್ದು ಇಷ್ಟೇ: ಸುತ್ತಿಗೆ ಬಡಿದ ಮೇಲೆ ಯಾರ ಪ್ರಾರ್ಥನೆಯೂ ಬೇಡ, ನಮ್ಮದೂ ಬೇಡ, ಬೇಕಾದವರು ಸಭೆಗೆ ಹತ್ತು ನಿಮಿಷ ಮೊದಲು ಪಕ್ಕದ ಕೋಣೆಯಲ್ಲಿ ಸೇರಿ ಪ್ರಾರ್ಥಿಸಲಿ, ನಾನೂ ಬಂದು ಸೇರುತ್ತೇನೆ. ಅಧ್ಯಕ್ಷರು ಬರೆದುಕೊಂಡರು. ಮುಂದಿನ ತಿಂಗಳ ಎರಡನೆಯ ಮಂಗಳವಾರದ ವಿಷಯಪಟ್ಟಿಯಲ್ಲಿ ಅದು ಏಳನೆಯದಾಗಿ ಬಂದಿದೆ. ಅಂದು ಪ್ರಾರ್ಥನೆಯ ಸರದಿ ಊರಿನ ಮೆಥಡಿಸ್ಟ್ ಚರ್ಚಿನವರದು, ನನ್ನ ವಿಷಯ ಬರುವುದು ಅದಾದ ಮೇಲೆ.